ಪ್ರತಿಕ್ರಿಯೆ: ಊದಿದ್ದಷ್ಟೇ ಶ್ವಾಸಕೋಶದ ಅಳತೆಯಲ್ಲ
ಮಡಿಕೇರಿಯಲ್ಲಿ ಮಾಡಿಸಿದ ಸ್ಪೈರೋಮೆಟ್ರಿಯಲ್ಲಿ (ಯಂತ್ರಕ್ಕೆ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ) ನಿಮ್ಮ ತಂದೆಯವರಿಗೆ 3.1 ಲೀಟರ್ ಬಂದಿದೆ, ಶ್ವಾಸಕೋಶ ಹಿಡಿಯುವುದು ಅಷ್ಟೇಯೇ ಎಂದು ಕೇಳಿದ್ದೀರಿ. ಅಲ್ಲ. ಆ ಯಂತ್ರ ಅಳೆಯುವುದು ಹೊರಬಂದ ಗಾಳಿಯನ್ನು ಮಾತ್ರ. ಎಷ್ಟೇ ಊದಿದರೂ ವಯಸ್ಕರಲ್ಲಿ ಸುಮಾರು 1.2 ಲೀಟರ್ ಒಳಗೇ ಉಳಿಯುತ್ತದೆ. ವಯಸ್ಸಾದಂತೆ ಇನ್ನೂ ಹೆಚ್ಚು. ಅದನ್ನು ತಿಳಿಯಲು ಹೀಲಿಯಂ ಬೆರೆತ ಗಾಳಿಯನ್ನು ಉಸಿರಾಡಿಸಿ, ಹೀಲಿಯಂ ಎಷ್ಟು ತೆಳುವಾಯಿತೆಂದು ನೋಡಿ ಲೆಕ್ಕ ಹಾಕುತ್ತಾರೆ. ಹಂಡೆಯ ನೀರಿಗೆ ಒಂದು ಲೋಟ ಕಾಫಿ ಡಿಕಾಕ್ಷನ್ ಸುರಿದು, ಬಣ್ಣ ನೋಡಿ ನೀರೆಷ್ಟೆಂದು ಊಹಿಸಿದ ಹಾಗೆ! ಆದರೆ ಕೆಲವರ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡಿರುವ ಮೂಲೆಗಳಿರುತ್ತವೆ; ಅಲ್ಲಿಗೆ ಹೀಲಿಯಂ ಸರಿಯಾಗಿ ತಲುಪುವುದಿಲ್ಲ. ಅಂಥವರನ್ನು ಮುಚ್ಚಿದ ಕೋಣೆಯಂಥ ಪೆಟ್ಟಿಗೆಯಲ್ಲಿ ಕೂರಿಸಿ, ಒತ್ತಡದ ಏರಿಳಿತದಿಂದ ಅಳೆಯುವ ಪ್ಲೆಥಿಸ್ಮೋಗ್ರಫಿಯೇ ಮೇಲು. ನೀರು ತುಂಬಿದ ಕ್ಯಾನನ್ನು ಬಕೆಟಿನಲ್ಲಿ ಬೋರಲು ಹಿಡಿದು ತೋಟದ ಪೈಪಿನಿಂದ ಊದುವ ನಿಮ್ಮ ಪ್ರಯೋಗ ಮಜವಾಗಿದೆ, ಆದರೆ ಅದೂ ಹೊರಬಂದದ್ದನ್ನೇ ತೋರಿಸುತ್ತದೆ.