ಪ್ಯಾಲಿಯೇಟಿವ್ ಕೇರ್ ಅಂದ್ರೆ ಡಾಕ್ಟರು ಕೈಬಿಟ್ಟ ಹಾಗೇನಾ?

ನಿಮ್ಮ ತಾಯಿಯ ಕ್ಯಾನ್ಸರ್ ನಾಲ್ಕನೇ ಹಂತದಲ್ಲಿದೆ, ಡಾಕ್ಟರು ಪ್ಯಾಲಿಯೇಟಿವ್ ಕೇರ್‌ಗೆ (ನೋವು, ತೊಂದರೆ ತಗ್ಗಿಸೋ ಆರೈಕೆಗೆ) ಹೋಗಿ ಅಂದಿದ್ದಾರೆ, ಇನ್ನೇನೂ ಮಾಡೋಕಾಗಲ್ಲ ಅಂತ ಅರ್ಥವಾ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಾವೂ ಹಾಗೇ ಅಂದುಕೊಂಡು ಎರಡು ತಿಂಗಳು ಸುಮ್ನೆ ಕಳೆದುಬಿಟ್ಟೆವು.

ಅಪ್ಪನ ಶ್ವಾಸಕೋಶದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಮಲಗಿದರೆ ನೋವು ಜಾಸ್ತಿ. ಕುರ್ಚಿಯಲ್ಲೇ ಕೂತು, ಮೇಜಿನ ಮೇಲೆ ದಿಂಬಿಟ್ಟು, ಅದಕ್ಕೆ ಹಣೆ ಒರಗಿಸಿ ರಾತ್ರಿ ಕಳೆಯುತ್ತಿದ್ದರು. ಪ್ಯಾಲಿಯೇಟಿವ್ ಕೇರ್‌ಗೆ ಹೋದರೆ ಅಪ್ಪ ಧೈರ್ಯಗೆಡುತ್ತಾರೆ ಅಂತ ತಡೆದವನು ನಾನೇ. ಕೊನೆಗೆ ಹೋದಾಗ ಅಲ್ಲಿನ ಡಾಕ್ಟರು ಕೇಳಿದ ಮೊದಲ ಮಾತು, "ರಾತ್ರಿ ಮಲಗೋಕೆ ಆಗುತ್ತಾ?"

ತೀವ್ರ ನೋವಿಗೆ ಕೊಡೋ ಮಾರ್ಫಿನ್ ಅನ್ನೋ ಔಷಧಿ ಶುರು ಮಾಡಿದರು. ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿಕೊಂಡು. ನೋವು ಬರಲಿ ಅಂತ ಕಾಯುವ ಹಾಗಿಲ್ಲ. ಮಲಬದ್ಧತೆ ಆಗೇ ಆಗುತ್ತೆ ಅಂತ ಅದಕ್ಕೂ ಮೊದಲ ದಿನದಿಂದಲೇ ಔಷಧಿ. ಮೊದಲೆರಡು ದಿನ ಮಂಪರು, ಆಮೇಲೆ ಕಡಿಮೆಯಾಯಿತು. ಮೂರನೇ ರಾತ್ರಿ ಇಣುಕಿದರೆ ಅಪ್ಪ ಮಂಚದ ಮೇಲೆ ಮಗ್ಗುಲಾಗಿ ಮಲಗಿ ನಿದ್ದೆ ಮಾಡುತ್ತಿದ್ದರು. ನಾನು ಎಷ್ಟೋ ಹೊತ್ತು ಬಾಗಿಲಲ್ಲೇ ನಿಂತಿದ್ದೆ.

ಬೆನ್ನಿಗೆ ಒಂದೇ ಒಂದು ಸಲ ರೇಡಿಯೇಷನ್ ಕೊಟ್ಟರು. ಕಾಯಿಲೆ ವಾಸಿ ಮಾಡೋಕಲ್ಲ, ಮೂಳೆಯ ನೋವು ತಗ್ಗಿಸೋಕೆ. ಅದರ ಗುಣ ಕಾಣಲು ಕೆಲವು ವಾರ ಬೇಕಾಯಿತು.

ಮಾರ್ಫಿನ್ ಚಟವಾಗುತ್ತೆ ಅಂತ ಹೆದರಬೇಡಿ. ನೋವಿಗೆ ಅಳತೆ ನೋಡಿ ಕೊಟ್ಟಾಗ ಅದು ಅಪರೂಪ. ಕೀಮೋ ನಿಲ್ಲಿಸಬೇಕು ಅಂತಲೂ ಇಲ್ಲ, ಎರಡೂ ಜೊತೆಯಲ್ಲೇ ನಡೆಯಬಹುದು. 2010ರಲ್ಲಿ ಅಮೆರಿಕದಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಶುರುವಿನಿಂದಲೇ ಈ ಆರೈಕೆ ಸಿಕ್ಕವರು ಮಧ್ಯಮ ಲೆಕ್ಕದಲ್ಲಿ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 11.6 ತಿಂಗಳು ಬದುಕಿದರು, ಉಳಿದವರು 8.9 ತಿಂಗಳು. ಖಿನ್ನತೆಯೂ ಕಡಿಮೆ ಇತ್ತು. ಎಲ್ಲರಿಗೂ ಆಯಸ್ಸು ಹೆಚ್ಚುತ್ತೆ ಅಂತ ನಾನು ಹೇಳಲಾರೆ. ಆದರೆ ಅಲ್ಲಿಗೆ ಹೋದರೆ ಬೇಗ ಮುಗಿದುಹೋಗುತ್ತೆ ಅನ್ನೋ ಭಯ ಬೇಡ. ಅಪ್ಪನನ್ನು ತಡೆದು ಕೂರಿಸಿದಾಗ ಇದು ನನಗೆ ಗೊತ್ತಿದ್ದಿದ್ದರೆ ಅಂತ ಈಗಲೂ ಅನಿಸುತ್ತೆ.

ಡಾಕ್ಟರು ಕೀಮೋ ಮುಂದುವರಿಸೋಣ ಅಂದರೆ ನೇರವಾಗಿ ಕೇಳಿ: ಇದು ವಾಸಿ ಮಾಡೋಕಾ, ಬೆಳವಣಿಗೆ ತಡೆಯೋಕಾ, ತೊಂದರೆ ತಗ್ಗಿಸೋಕಾ?

ಹೋಗುವಾಗ ನೋವು ಯಾವ ಹೊತ್ತಿಗೆ ಬರುತ್ತೆ, ಹತ್ತಕ್ಕೆ ಎಷ್ಟು ಅಂತ ಬರೆದುಕೊಂಡು ಹೋಗಿ. ಅಲ್ಲಿ ಅಮ್ಮನೇ ಮಾತಾಡಲಿ. ನಾನು ಪ್ರತಿ ಸಲವೂ ಅಪ್ಪ ಬಾಯಿ ತೆರೆಯೋ ಮುಂಚೆಯೇ "ಪರವಾಗಿಲ್ಲ, ತಡ್ಕೋತಾರೆ" ಅಂದುಬಿಡುತ್ತಿದ್ದೆ.