ಆರೋಗ್ಯ ಸಮಿತಿಗೆ ಹಾಕಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ಮೊದಲ ಸಲ ಸ್ಥಳೀಯ ಸಂಸ್ಥೆಗೆ ಆಯ್ಕೆಯಾಗಿದ್ದೇನೆ. ಆರೋಗ್ಯ ಸಮಿತಿಗೆ ಹಾಕಿದ್ದಾರೆ. ನಾನು ಓದಿದ್ದು ಕಾಮರ್ಸ್. ಆಸ್ಪತ್ರೆ, ಔಷಧಿ, ಲಸಿಕೆ ಎಲ್ಲಾ ಮೇಲಿನ ಸರ್ಕಾರದ ಕೈಯಲ್ಲಿದೆ. ಈ ಸಮಿತಿಯಲ್ಲಿ ನನಗೇನು ಕೆಲಸ?
– ಹೊಸ ಸದಸ್ಯೆ

ಉತ್ತರ: ಕೆಲಸ ಬೇಕಾದಷ್ಟಿದೆ. ಆದರೆ ಅದರಲ್ಲಿ ಹೆಚ್ಚಿನದು ನಿಮ್ಮ ಸಮಿತಿಯ ಅಜೆಂಡಾದಲ್ಲಿ ಕಾಣಿಸುವುದಿಲ್ಲ. ಕುಡಿಯುವ ನೀರು, ಚರಂಡಿ, ಕಸ, ಕಟ್ಟಡದ ಲೈಸೆನ್ಸು, ರಸ್ತೆ ಅಗೆತ – ಜನ ಕಾಯಿಲೆ ಬೀಳುವುದೂ ಬೀಳದಿರುವುದೂ ಬಹುಪಾಲು ಈ ಫೈಲುಗಳಲ್ಲೇ ತೀರ್ಮಾನವಾಗುತ್ತದೆ.

ನಾನು ಆರೋಗ್ಯಾಧಿಕಾರಿಯಾಗಿದ್ದಾಗ ಒಂದು ಮಳೆಗಾಲದಲ್ಲಿ ವಾಂತಿ ಭೇದಿ ಹೆಚ್ಚಾಯಿತು. ರೋಗಿಗಳ ಮನೆಗಳನ್ನು ವಾರ್ಡಿನ ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋದೆ. ಎಲ್ಲಾ ಒಂದೇ ಪೈಪ್‌ಲೈನಿನ ಕೊನೆಯ ಬೀದಿಗಳು. ಆ ಪೈಪು ಚರಂಡಿಯೊಳಗೇ ಹಾದು ಹೋಗಿತ್ತು. ನೀರು ಬಿಡುತ್ತಿದ್ದುದು ದಿನಕ್ಕೆ ಕೆಲವೇ ಗಂಟೆ. ಬಿಟ್ಟಾಗ ಒತ್ತಡ ಇರುತ್ತದೆ, ಕೊಳೆ ಒಳಗೆ ನುಗ್ಗುವುದಿಲ್ಲ. ನಿಲ್ಲಿಸಿದ ಕೂಡಲೇ ಒತ್ತಡ ಇಳಿದು, ಬಿರುಕು ಬಿಟ್ಟ ಜಾಯಿಂಟಿನಲ್ಲಿ ಚರಂಡಿ ನೀರು ಒಳಗೆ ಸೇರುತ್ತಿತ್ತು. ಆದರೆ ಪರೀಕ್ಷೆಗೆ ನೀರು ತೆಗೆಯುತ್ತಿದ್ದುದು ಟ್ಯಾಂಕಿನಿಂದ. ಹಾಗಾಗಿ ವರದಿ ಪ್ರತಿ ಸಲವೂ 'ಸುರಕ್ಷಿತ' ಅಂತಲೇ ಬರುತ್ತಿತ್ತು.

ನಾನು ಬರೆದ ಟಿಪ್ಪಣಿಗಳು ಫೈಲಿನಲ್ಲೇ ಮಲಗಿದ್ದವು. ಕೊನೆಗೆ ಒಬ್ಬ ಸದಸ್ಯೆ ನೀರಿನ ವಿಷಯ ಬಂದಾಗ ಎದ್ದು ನಿಂತು, 'ಲೈನಿನ ಕೊನೇ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿದೆ?' ಎಂದು ಕೇಳಿದರು. ಕ್ರಿಮಿ ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್, ಚರಂಡಿ ನೀರು ಸೇರಿದರೆ ಉಳಿಯುವುದಿಲ್ಲ. ಯಾರ ಬಳಿಯೂ ಉತ್ತರ ಇರಲಿಲ್ಲ. ಅಧಿಕಾರಿ ಬರೆದಿದ್ದನ್ನು ಇನ್ನೊಬ್ಬ ಅಧಿಕಾರಿ ಪಕ್ಕಕ್ಕಿಡಬಹುದು. ಚುನಾಯಿತ ಸದಸ್ಯೆ ಸಭೆಯಲ್ಲಿ ಕೇಳಿದ್ದು ನಡಾವಳಿಗೆ ಹೋಗುತ್ತದೆ, ಅದಕ್ಕೆ ಉತ್ತರ ಕೊಡಲೇಬೇಕು. ಅದೇ ಸಭೆಯಲ್ಲಿ, ಇನ್ನು ಮೇಲೆ ಕೊನೆಯ ಮನೆಗಳಲ್ಲೇ ಪರೀಕ್ಷೆ ಆಗಬೇಕು ಎಂದು ನಿರ್ಣಯವಾಯಿತು. ಪೈಪು ಬದಲಿಸುವ ಫೈಲು ಹೊರಬಂದಿದ್ದು ಅದರ ನಂತರ.

ನೀವೂ ಅಲ್ಲಿಂದಲೇ ಶುರು ಮಾಡಬಹುದು. ನಲ್ಲಿಯಲ್ಲಿ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ನೋಡಲು ಪುಟ್ಟ ಕಿಟ್ ಸಾಕು, ಡಾಕ್ಟರ್ ಬೇಕಿಲ್ಲ. ಕಾಯಿಲೆಯ ಲೆಕ್ಕವನ್ನು ಇಡೀ ಊರಿಗೆ ಒಂದೇ ಅಂಕಿಯಾಗಿ ಕೊಟ್ಟರೆ ಒಪ್ಪಬೇಡಿ, ಬೀದಿವಾರು ಕೇಳಿ. ಕಾಮರ್ಸ್ ಓದಿದ್ದೇನೆ ಎಂದಿರಲ್ವಾ, ಅದು ಇಲ್ಲಿ ದೊಡ್ಡ ಬಲ. ಬಜೆಟ್ಟಿನಲ್ಲಿ ನೈರ್ಮಲ್ಯಕ್ಕೆ ಇಟ್ಟ ಹಣ ಎಷ್ಟು, ವರ್ಷದ ಕೊನೆಗೆ ಖರ್ಚಾಗದೆ ಉಳಿದದ್ದು ಎಷ್ಟು, ಅದು ಬೇರೆ ಯಾವ ಲೆಕ್ಕಕ್ಕೆ ಹೋಯಿತು – ಇವನ್ನು ಓದಬಲ್ಲವರು ಆರೋಗ್ಯ ಸಮಿತಿಗಳಲ್ಲಿ ತೀರಾ ಕಡಿಮೆ.

ಪ್ರಶ್ನೆ: ನೀತಿ ಮಾಡುವುದು ಮೇಲಿನವರು, ಜಾರಿ ಮಾಡುವುದು ಕೆಳಗಿನವರು. ಸ್ಥಳೀಯ ಸಂಸ್ಥೆಗಳು ಆರೋಗ್ಯ ನೀತಿಯನ್ನು ರೂಪಿಸುತ್ತವೆ ಅನ್ನುವುದು ಸುಮ್ನೆ ಭಾಷಣದ ಮಾತಲ್ಲವೇ?
– ರಾಜ್ಯಶಾಸ್ತ್ರದ ವಿದ್ಯಾರ್ಥಿ

ಉತ್ತರ: ಅಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರವನ್ನೇ ತೆಗೆದುಕೊಳ್ಳಿ. ಸಾವಿರಾರು ಬಡವರು ಗಾಳಿ ಬೆಳಕಿಲ್ಲದ ನೆಲಮಾಳಿಗೆಗಳಲ್ಲಿ ಬದುಕುತ್ತಿದ್ದ ಊರು ಅದು. ದೇಶಕ್ಕೆ ಸಾರ್ವಜನಿಕ ಆರೋಗ್ಯದ ಕಾನೂನೇ ಇಲ್ಲದಾಗ, 1846ರಲ್ಲಿ ತನಗೆ ಮಾತ್ರ ಅನ್ವಯಿಸುವ ಕಾಯ್ದೆಯನ್ನು ಪಡೆದುಕೊಂಡಿತು. 1847ರಲ್ಲಿ ವಿಲಿಯಂ ಹೆನ್ರಿ ಡಂಕನ್ ಎಂಬ ವೈದ್ಯರನ್ನು ಆರೋಗ್ಯಾಧಿಕಾರಿಯಾಗಿ ನೇಮಿಸಿತು. ಆ ದೇಶದಲ್ಲಿ ಅಂಥ ಹುದ್ದೆ ಅದೇ ಮೊದಲು. ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ವೈದ್ಯರ ಜೊತೆಗೇ ಜೇಮ್ಸ್ ನ್ಯೂಲ್ಯಾಂಡ್ಸ್ ಎಂಬ ಎಂಜಿನಿಯರನ್ನೂ, ಕೊಳಕು ಪತ್ತೆ ಹಚ್ಚಲು ಥಾಮಸ್ ಫ್ರೆಶ್ ಎಂಬ ಇನ್ಸ್‌ಪೆಕ್ಟರನ್ನೂ ನಗರಸಭೆ ಇಟ್ಟುಕೊಂಡಿತ್ತು. ಮೂವರೂ ಒಟ್ಟಿಗೆ ಕೆಲಸ ಮಾಡಿದರು. ನ್ಯೂಲ್ಯಾಂಡ್ಸ್ ಇಡೀ ನಗರಕ್ಕೆ ಒಳಚರಂಡಿ ಯೋಜನೆ ರೂಪಿಸಿದರು. ಆರೋಗ್ಯಾಧಿಕಾರಿ ಮತ್ತು ಎಂಜಿನಿಯರ್ ಒಬ್ಬರನ್ನೊಬ್ಬರು ಮಾತಾಡಿಸದ ಕಚೇರಿಗಳನ್ನು ನಾನು ಕಂಡಿದ್ದೇನೆ. ಅದರ ಬೆಲೆ ತೆರುವವರು ಮಕ್ಕಳು.

1848ರ ರಾಷ್ಟ್ರೀಯ ಕಾಯ್ದೆ, ಬೇರೆ ಊರುಗಳೂ ಆರೋಗ್ಯಾಧಿಕಾರಿಯನ್ನು ನೇಮಿಸಬಹುದು ಎಂದಿತು. 1872ರಲ್ಲಿ ಇಂಗ್ಲೆಂಡಿನಲ್ಲಿ ಅದು ಕಡ್ಡಾಯವಾಯಿತು. ಒಂದು ಊರು ಮಾಡಿದ್ದು ದೇಶದ ನೀತಿಯಾಗಲು 25 ವರ್ಷ ಹಿಡಿಯಿತು.

ಹತ್ತಿರದ ಕಾಲದ ಉದಾಹರಣೆಯೂ ಇದೆ. ಹೃದಯಕ್ಕೆ ಕೆಡುಕು ಮಾಡುವ ಕೃತಕ ಟ್ರಾನ್ಸ್ ಕೊಬ್ಬನ್ನು ಹೋಟೆಲುಗಳಿಂದ ತೆಗೆಯಬೇಕೆಂದು ನ್ಯೂಯಾರ್ಕ್ ನಗರದ ಆರೋಗ್ಯ ಮಂಡಳಿ 2006ರಲ್ಲಿ ನಿಯಮ ಮಾಡಿತು. ಅಮೆರಿಕದ ಕೇಂದ್ರ ಆಹಾರ ಮತ್ತು ಔಷಧ ಸಂಸ್ಥೆ ಅಂಥದ್ದೇ ತೀರ್ಮಾನಕ್ಕೆ ಬಂದದ್ದು 2015ರಲ್ಲಿ.

ಆದರೆ ಒಂದು ಮಾತು ಹೇಳಲೇಬೇಕು. ಜವಾಬ್ದಾರಿ ಕೊಟ್ಟು ಹಣ ಕೊಡದಿದ್ದರೆ ಏನೂ ಆಗುವುದಿಲ್ಲ. ಅದೇ ಇಂಗ್ಲೆಂಡಿನಲ್ಲಿ 2013ರಲ್ಲಿ ಸಾರ್ವಜನಿಕ ಆರೋಗ್ಯದ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಮರಳಿ ಕೊಟ್ಟರು. ಅದಕ್ಕಾಗಿ ಕೊಡುವ ಅನುದಾನ, ಬೆಲೆ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, 2015ರ ನಂತರ ಕುಗ್ಗುತ್ತಾ ಹೋಯಿತು. ಅಧಿಕಾರ ಹಂಚಿಕೆಯ ಬಗ್ಗೆ ಪರೀಕ್ಷೆಯಲ್ಲಿ ಬರೆಯುವಾಗ ಇದನ್ನೂ ಬರೆಯಿರಿ.

ಪ್ರಶ್ನೆ: ಡೆಂಗಿ ಬಂದಾಗಲೆಲ್ಲ ಜನ ಹೊಗೆ ಹೊಡೆಸಿ ಎಂದು ಒತ್ತಾಯಿಸುತ್ತಾರೆ. ಹೊಡೆಸಿದರೂ ಕಾಯಿಲೆ ನಿಲ್ಲುತ್ತಿಲ್ಲ. ಯಾಕೆ?
– ವಾರ್ಡ್ ಸದಸ್ಯ

ಉತ್ತರ: ಹೊಗೆ ಸಾಯಿಸುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಯನ್ನು ಮಾತ್ರ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಜಾಸ್ತಿ ಹೊತ್ತು ಮನೆಯೊಳಗೆ ಬಟ್ಟೆಯ ಹಿಂದೆ, ಮಂಚದ ಕೆಳಗೆ ಕೂತಿರುತ್ತದೆ. ತೊಟ್ಟಿಯಲ್ಲಿರುವ ಮರಿಹುಳಕ್ಕೆ ಹೊಗೆಯಿಂದ ಏನೂ ಆಗುವುದಿಲ್ಲ. ಮೊಟ್ಟೆ ದೊಡ್ಡ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಅದಕ್ಕೇ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು ಎನ್ನುವುದು. ಈ ಸೊಳ್ಳೆ ಸಾಮಾನ್ಯವಾಗಿ ಕೆಲವು ನೂರು ಮೀಟರಿಗಿಂತ ದೂರ ಹೋಗುವುದಿಲ್ಲ. ಅಂದರೆ ರೋಗಿಯ ಮನೆಯ ಸುತ್ತಲೇ ಅದರ ಹುಟ್ಟುಜಾಗವೂ ಇರುವ ಸಾಧ್ಯತೆ ಹೆಚ್ಚು. ಕಟ್ಟುತ್ತಿರುವ ಕಟ್ಟಡಗಳನ್ನು ಮೊದಲು ನೋಡಿ. ನೀರು ನಿಲ್ಲಬಾರದು ಎಂಬ ಷರತ್ತನ್ನು ಲೈಸೆನ್ಸಿನಲ್ಲೇ ಸೇರಿಸಲು ಸಭೆಯಲ್ಲಿ ಒತ್ತಾಯಿಸಿ. ಮತ್ತೊಂದು ಹೊಗೆ ಯಂತ್ರ ಕೊಳ್ಳುವ ಪ್ರಸ್ತಾವ ಬಂದರೆ, ಅದೇ ಹಣದಲ್ಲಿ ಮನೆಮನೆಗೆ ಹೋಗಿ ತೊಟ್ಟಿ ನೋಡುವವರನ್ನು ಎಷ್ಟು ಜನರನ್ನು ಇಟ್ಟುಕೊಳ್ಳಬಹುದು ಎಂಬ ಲೆಕ್ಕ ಕೇಳಿ.