ಮೊದಲ ಸಲ ಕಂಪ್ಯೂಟರ್ ಜೋಡಿಸುವಾಗ ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ತಿಳಿಯೋದು ಹೇಗೆ?

ಕುಮಟಾದಲ್ಲಿ ಡಿಗ್ರಿ ಓದುತ್ತಿದ್ದೇನೆ, ವಿಡಿಯೊ ಎಡಿಟಿಂಗ್‌ಗೆ ಮತ್ತು ಸ್ವಲ್ಪ ಗೇಮ್‌ಗೆ ನಾನೇ ಡೆಸ್ಕ್‌ಟಾಪ್ ಜೋಡಿಸಬೇಕು, ಈ ಪಟ್ಟಿ ಸರಿ ಇದೆಯಾ ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿ: ರೈಜನ್ 5 7600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್‍ಯಾಮ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್ ಜೊತೆ ಬರುವ 450 ವ್ಯಾಟಿನ ಪವರ್ ಸಪ್ಲೈ.

ಸರಿ ಇಲ್ಲ. ದುಡ್ಡು ಕೊಟ್ಟಿಲ್ಲ ತಾನೇ? ಹಾಗಾದರೆ ಏನೂ ಹಾಳಾಗಿಲ್ಲ.

ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅನ್ನುತ್ತಾರೆ. 7600 ಕೂರುವುದು ಎಎಂ5 ಸಾಕೆಟ್‌ನಲ್ಲಿ. ಬಿ550 ಬೋರ್ಡಿನಲ್ಲಿ ಇರೋದು ಎಎಂ4. ಒತ್ತಿದರೂ ಕೂರುವುದಿಲ್ಲ, ಒತ್ತಬೇಡಿ. ಎಎಂ4 ಪ್ರೊಸೆಸರಿನ ಅಡಿಯಲ್ಲಿ ಸಣ್ಣ ಸಣ್ಣ ಪಿನ್ನುಗಳಿರುತ್ತವೆ. ಎಎಂ5ನಲ್ಲಿ ಆ ಪಿನ್ನು ಬೋರ್ಡಿಗೆ ಹೋಗಿವೆ, ಪ್ರೊಸೆಸರಿನ ಅಡಿ ಸಪಾಟು. ಜೊತೆಗೆ ಎಎಂ5 ಬೋರ್ಡಿಗೆ ಡಿಡಿಆರ್5 ರ್‍ಯಾಮ್ ಮಾತ್ರ ಆಗುತ್ತದೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ, ಉದ್ದವೂ ಒಂದೇ. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಇಳಿಯುವುದಿಲ್ಲ.

ಹೊಂದಾಣಿಕೆಯ ಗುಟ್ಟು ಇಷ್ಟೇ, ಬೋರ್ಡನ್ನು ಕೇಳಿ. ನಾನು ಶಿರಸಿಯವನು, ಯಕ್ಷಗಾನದ ವಿಡಿಯೊ ಎಡಿಟ್ ಮಾಡುತ್ತೇನೆ, ಅದಕ್ಕೇ ಈ ಹೋಲಿಕೆ. ಭಾಗವತರ ಶ್ರುತಿಗೆ ಮದ್ದಳೆ ಹೊಂದಿಸಿಕೊಳ್ಳುತ್ತಾರೆಯೇ ಹೊರತು ಮದ್ದಳೆಗೆ ಭಾಗವತರಲ್ಲ. ಬೋರ್ಡ್ ತಯಾರಿಸಿದ ಕಂಪನಿಯ ವೆಬ್‌ಸೈಟಿಗೆ ಹೋಗಿ, ಬೋರ್ಡಿನ ಪೂರ್ತಿ ಹೆಸರು ಹಾಕಿ ಹುಡುಕಿ. ‘ಸಿಪಿಯು ಸಪೋರ್ಟ್’ ಅಂತ ಒಂದು ಪಟ್ಟಿ ಸಿಗುತ್ತದೆ. ನಿಮ್ಮ ಪ್ರೊಸೆಸರ್ ಅದರಲ್ಲಿ ಇರಬೇಕು, ಪಕ್ಕದಲ್ಲಿ ಬರೆದಿರುವ ಬಯೋಸ್ (ಬೋರ್ಡನ್ನು ಶುರುಮಾಡುವ ಒಳಗಿನ ಸಾಫ್ಟ್‌ವೇರ್) ಆವೃತ್ತಿಯನ್ನೂ ನೋಡಬೇಕು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತೇ ಸಿಗದೆ ಇರಬಹುದು. ‘ಬಯೋಸ್ ಫ್ಲ್ಯಾಶ್‌ಬ್ಯಾಕ್’ ಬಟನ್ ಇರುವ ಬೋರ್ಡಾದರೆ ಪೆನ್‌ಡ್ರೈವಿನಿಂದಲೇ ಅಪ್‌ಡೇಟ್ ಮಾಡಬಹುದು, ಪ್ರೊಸೆಸರ್ ಕೂಡ ಬೇಕಾಗಿಲ್ಲ. ಇಲ್ಲದಿದ್ದರೆ ಬೋರ್ಡಿಗೆ ಗುರುತಿರುವ ಹಳೆಯ ಪ್ರೊಸೆಸರ್ ಹಾಕಿ ಅಪ್‌ಡೇಟ್ ಮಾಡಬೇಕು. ನಮ್ಮ ಕಡೆ ಅದನ್ನು ಕೈಬದಲು ಕೊಡುವ ಅಂಗಡಿ ಸಿಗುವುದು ಕಷ್ಟ, ಆ ಬಟನ್ ಇರುವುದನ್ನೇ ತಗೊಳ್ಳಿ.

ಇಂಟೆಲ್ ಕಡೆ ಹೋದರೂ ಇದೇ ಕಥೆ. ಎಲ್‌ಜಿಎ 1700 ಸಾಕೆಟ್‌ಗೆ 12, 13, 14ನೇ ತಲೆಮಾರಿನ ಪ್ರೊಸೆಸರ್ ಆಗುತ್ತವೆ. ಆದರೆ ಬೋರ್ಡುಗಳಲ್ಲಿ ಡಿಡಿಆರ್4ನದು ಬೇರೆ, ಡಿಡಿಆರ್5ನದು ಬೇರೆ.

ಈಗ ನನ್ನ ಪೆದ್ದುತನ ಕೇಳಿ. 2022ರ ಮಳೆಗಾಲದಲ್ಲಿ ರೈಜನ್ 5 5600 ಮತ್ತು ಬಿ550 ಬೋರ್ಡ್ ತರಿಸಿದೆ. ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ ನೋಡಿಕೊಂಡರಾಯಿತು ಅಂದುಕೊಂಡೆ. ಎಲ್ಲ ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಎರಡು ರಾತ್ರಿ ಬಿಚ್ಚಿದೆ, ಜೋಡಿಸಿದೆ. ಬೋರ್ಡೇ ಸತ್ತಿದೆ ಅಂತ ತೀರ್ಮಾನಿಸಿ, ಕ್ಯಾಬಿನೆಟ್ಟನ್ನು ಕಂಬಳಿಯಲ್ಲಿ ಸುತ್ತಿ, ಸುರಿಯುವ ಮಳೆಯಲ್ಲಿ ಮುಂಡಗೋಡ ಮೇಲೆ ಹೋಗುವ ಹುಬ್ಬಳ್ಳಿ ಬಸ್ಸು ಹತ್ತಿದೆ. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ. ಹುಬ್ಬಳ್ಳಿ ಅಂಗಡಿಯ ಹುಡುಗ ಮುಚ್ಚಳ ಕೂಡ ತೆಗೆಯಲಿಲ್ಲ. ‘ಪ್ರೊಸೆಸರ್ ಯಾವುದ್ರಿ?’ ಅಂದ. ಹೇಳಿದೆ. ‘ಇದರೊಳಗ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕ್ರಿ’ ಅಂದ. ಬೋರ್ಡಿನಲ್ಲಿ ಎಚ್‌ಡಿಎಂಐ ಕಿಂಡಿ ಇದ್ದ ಮಾತ್ರಕ್ಕೆ ಚಿತ್ರ ಬರುವುದಿಲ್ಲ, ಚಿತ್ರ ಕೊಡುವವನು ಪ್ರೊಸೆಸರಿನ ಒಳಗೆ ಇರಬೇಕು. 5600ಗೆ ಅದಿಲ್ಲ, 5600ಜಿಗೆ ಇದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದಕ್ಕೂ ಇಲ್ಲ. ಒಂದಕ್ಷರಕ್ಕೆ ಸುಮ್ನೆ ಇನ್ನೂರು ಕಿಲೋಮೀಟರ್ ಓಡಾಡಿದೆ.

ನಿಮ್ಮ 7600ಗೆ ಸಣ್ಣದಾದರೂ ಒಳಗೇ ಗ್ರಾಫಿಕ್ಸ್ ಇದೆ. ಅದಕ್ಕೇ ನಾನಾದರೆ ಪ್ರೊಸೆಸರ್ ಉಳಿಸಿಕೊಂಡು, ಬೋರ್ಡನ್ನು ಎಎಂ5 ಸಾಕೆಟ್ ಇರುವ ಬಿ650ಗೆ, ರ್‍ಯಾಮನ್ನು ಡಿಡಿಆರ್5ಗೆ ಬದಲಿಸುತ್ತೇನೆ. ದುಡ್ಡು ಸಾಲದಿದ್ದರೆ ಕಾರ್ಡನ್ನು ಮುಂದಕ್ಕೆ ಹಾಕಬಹುದು, ಪರದೆಯಂತೂ ಕಾಣುತ್ತದೆ. ಡಿಡಿಆರ್5 ಬೆಲೆ ತೀರಾ ಜಾಸ್ತಿ ಅನ್ನಿಸಿದರೆ ಬೋರ್ಡ್, ರ್‍ಯಾಮ್ ಹಾಗೇ ಇಟ್ಟು ಪ್ರೊಸೆಸರನ್ನು 5600 ಮಾಡಿ. ಅದೂ ಒಳ್ಳೆಯದೇ, ಆದರೆ ಆಗ ಕಾರ್ಡ್ ಮೊದಲ ದಿನವೇ ಬೇಕು. ರ್‍ಯಾಮ್ ಎರಡಿದ್ದರೆ, ನಾಲ್ಕು ಕಿಂಡಿಯ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು.

ಪವರ್ ಸಪ್ಲೈ ವಿಷಯದಲ್ಲಿ ನಾನು ಹಟಮಾರಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಬಿಡಿ. 3060 ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ, ಅದು ಇರುವ ಕಂಪ್ಯೂಟರಿಗೆ ಕಾರ್ಡಿನ ಕಂಪನಿ ಎನ್ವಿಡಿಯಾ ಹೇಳುವುದು 550 ವ್ಯಾಟಿನ ಪವರ್ ಸಪ್ಲೈ. ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಜ್ (ಕರೆಂಟು ಕಡಿಮೆ ಪೋಲು ಮಾಡುತ್ತದೆ ಅನ್ನುವ) ಗುರುತಿನ 550 ಅಥವಾ 650 ತಗೊಳ್ಳಿ. ಪ್ರೊಸೆಸರಿಗೆ ಹೋಗುವ 8 ಪಿನ್ನಿನ ವೈರು ಬೇರೆ, ಕಾರ್ಡಿಗೆ ಹೋಗುವ 8 ಪಿನ್ನಿನದು ಬೇರೆ, ನೋಡಲು ಮಾತ್ರ ಅಣ್ಣತಮ್ಮ. ಬಿಚ್ಚಿ ಹಾಕುವ ವೈರಿದ್ದರೆ ಒಂದು ಕಂಪನಿಯದ್ದನ್ನು ಇನ್ನೊಂದಕ್ಕೆ ಸಿಕ್ಕಿಸಬೇಡಿ. ಪ್ಲಗ್ ಕೂತರೂ ಒಳಗಿನ ಜೋಡಣೆ ಬೇರೆ ಇರುತ್ತದೆ, ಡ್ರೈವ್ ಸುಟ್ಟೀತು.

ಕರೆಂಟಿನ ಆಟ ನಿಮಗೆ ಹೇಳಬೇಕಾಗಿಲ್ಲ ಅಲ್ವಾ? ಯುಪಿಎಸ್ ಬೇಕೇ ಬೇಕು, ಆದರೆ ವಿಎ ಬೇರೆ, ವ್ಯಾಟ್ ಬೇರೆ. 600 ವಿಎ ಅಂತ ಬರೆದದ್ದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ಕಾರ್ಡ್, ಮಾನಿಟರ್ ಸೇರಿದರೆ ಅದು ಸಾಲದು, 1000 ವಿಎ ಆಸುಪಾಸಿನದು ನೋಡಿ. ಗುಡುಗು ಶುರುವಾದರೆ ಪ್ಲಗ್ ಕೀಳುವುದರ ಜೊತೆ ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಕೀಳಿ. ಫೈಬರಿನಲ್ಲಿ ಮಿಂಚು ಬರುವುದಿಲ್ಲ, ಆದರೆ ರೂಟರಿನ ಅಡಾಪ್ಟರ್ ಮೂಲಕ ಬಂದು ತಾಮ್ರದ ಲ್ಯಾನ್ ವೈರಿನಲ್ಲಿ ಬೋರ್ಡಿಗೆ ಇಳಿಯಬಹುದು.

ಕ್ಯಾಬಿನೆಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎಟಿಎಕ್ಸ್, ಮೈಕ್ರೊ ಎಟಿಎಕ್ಸ್ ಅನ್ನೋದು ಬೋರ್ಡಿನ ಅಳತೆಗಳು. ಎಟಿಎಕ್ಸ್ ಹಿಡಿಸುವ ಕ್ಯಾಬಿನೆಟ್ಟಿನಲ್ಲಿ ಮೈಕ್ರೊ ಎಟಿಎಕ್ಸ್ ಬೋರ್ಡೂ ಹಿಡಿಸುತ್ತದೆ. ಕಾರ್ಡಿನ ಉದ್ದ, ಪ್ರೊಸೆಸರ್ ತಣ್ಣಗಿಡುವ ಕೂಲರಿನ ಎತ್ತರ ಮಿಲಿಮೀಟರಿನಲ್ಲಿ ಬರೆದಿರುತ್ತದೆ, ತಾಳೆ ನೋಡಿ. ಕಡಲ ಗಾಳಿಯ ಉಪ್ಪು, ಆಷಾಢದ ತೇವ ಎರಡೂ ಲೋಹಕ್ಕೆ ಶತ್ರು. ಕಿಟಕಿ ಪಕ್ಕ ಇಡಬೇಡಿ, ಮಳೆಗಾಲದಲ್ಲಿ ದಿನಾ ಒಂದು ಗಂಟೆಯಾದರೂ ಓಡಿಸಿ. ಅಮೆರಿಕದವರ ವಿಡಿಯೊಗಳಲ್ಲಿ ಹೆದರಿಸುವ ಸ್ಟ್ಯಾಟಿಕ್ ಕರೆಂಟು ಒಣ ಹವೆಯಲ್ಲಿ ಜಾಸ್ತಿ, ನಮ್ಮ ಜುಲೈನಲ್ಲಿ ಅಷ್ಟಿಲ್ಲ. ಆದರೂ ಕ್ಯಾಬಿನೆಟ್ಟಿನ ಲೋಹ ಒಮ್ಮೆ ಮುಟ್ಟಿಯೇ ಕೆಲಸ ಶುರುಮಾಡಿ.

ಎಲ್ಲ ಬಂದ ಮೇಲೆ ಒಂದೇ ಸಲ ಕ್ಯಾಬಿನೆಟ್ಟಿಗೆ ತುಂಬಬೇಡಿ. ಸಾಕೆಟ್ಟಿನ ಪಿನ್ನುಗಳ ಫೋಟೊ ತೆಗೆದಿಡಿ, ಬಾಗಿದ ಪಿನ್ನಿಗೆ ವಾರಂಟಿ ಕೇಳುವಾಗ ಬೇಕಾಗುತ್ತದೆ. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದು ರ್‍ಯಾಮ್ ಮಾತ್ರ ಹಾಕಿ, ಪವರ್ ಸಪ್ಲೈ ಮತ್ತು ಕ್ಯಾಬಿನೆಟ್ಟಿನ ಸ್ವಿಚ್ಚಿನ ವೈರು ಸಿಕ್ಕಿಸಿ ಸ್ವಿಚ್ ಒತ್ತಿ. 7600 ಇದ್ದರೆ ಕಾರ್ಡ್ ಇಲ್ಲದೆಯೂ ಬಯೋಸ್ ಪರದೆ ಕಾಣಬೇಕು. ಡಿಡಿಆರ್5 ಮೊದಲ ಸಲ ತನ್ನನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಪರದೆ ಕಪ್ಪಾಗಿದ್ದರೆ ನನ್ನ ಹಾಗೆ ಕಂಬಳಿ ಹುಡುಕಬೇಡಿ, ಒಂದು ಚಾ ಕುಡಿದು ಬನ್ನಿ.